ಕಿತ್ತಳೆಯೋ, ಕಾವಿಯೋ: ‘ಲೈಫ್ ಆಫ್ ಪೈ’ಯ ಒಂದು ಬಣ್ಣ

ಯಾನ್ ಮಾರ್ಟೆಲ್ ಅವರ ‘ಲೈಫ್ ಆಫ್ ಪೈ’ (2001) ಕಾದಂಬರಿಯನ್ನು ಮೊದಲ ಸಲ ಓದಿದಾಗ ಹುಲಿಯ ಭಯದಲ್ಲೇ ಪುಟ ಮಗುಚಿದ್ದ ನಾನು ಬಣ್ಣಗಳತ್ತ ಗಮನ ಕೊಟ್ಟಿರಲಿಲ್ಲ. ಈಚೆಗೆ ಅದರ ಒಂದು ಪುಟವನ್ನು ನನ್ನ ಖುಷಿಗಾಗಿ ಕನ್ನಡಕ್ಕೆ ತರಲು ಕುಳಿತಾಗ ಒಂದೇ ಒಂದು ಪದ ಅರ್ಧ ದಿನ ತಡೆದು ನಿಲ್ಲಿಸಿತು. ಅಪ್ಪನ ಮೃಗಾಲಯದ ಪ್ರಾಣಿಗಳೂ ಇದ್ದ ಹಡಗು ಮುಳುಗಿ ಅಪ್ಪ, ಅಮ್ಮ, ಅಣ್ಣನನ್ನು ಕಳೆದುಕೊಂಡ ಪಾಂಡಿಚೇರಿಯ ಹುಡುಗ ಪೈ ಪಟೇಲ್, ಹುಲಿಯೂ ಸೇರಿಕೊಂಡಿರುವ 26 ಅಡಿ ಉದ್ದದ ಜೀವರಕ್ಷಕ ದೋಣಿಯೊಳಗೆ ಕಣ್ಣು ಹಾಯಿಸುತ್ತಾನೆ. ದೋಣಿಯ ಒಳಮೈ, ಟಾರ್ಪಾಲು, ಲೈಫ್ ಜಾಕೆಟ್, ಹುಟ್ಟುಗಳು, ಕೊನೆಗೆ ಪ್ಲಾಸ್ಟಿಕ್ ಸೀಟಿ ಕೂಡ ‘ಆರೆಂಜ್’. ಬದುಕುಳಿಯುವುದರ ಬಣ್ಣ ಇದೇ ಇರಬೇಕು, ಎಷ್ಟು ಚೆಂದದ ಹಿಂದೂ ಬಣ್ಣ, ಎಂದುಕೊಳ್ಳುತ್ತಾನೆ.

ಕನ್ನಡದಲ್ಲಿ ಆ ಬಣ್ಣ ಹಣ್ಣನ್ನು ನೆನೆದರೆ ಕಿತ್ತಳೆ, ಹೂವನ್ನು ನೆನೆದರೆ ಕೇಸರಿ, ಮಣ್ಣನ್ನು ನೆನೆದರೆ ಕಾವಿ. ದೋಣಿಗೆ ಬಳಿದದ್ದು ಕಿತ್ತಳೆ, ಹುಡುಗನ ಮನಸ್ಸಿಗೆ ಬಂದದ್ದು ಕಾವಿ ಎಂದು ನನಗನ್ನಿಸುತ್ತದೆ. ಆದರೆ ನಮ್ಮಲ್ಲಿ ಕಾವಿ ತೊಡುವವನು ಮನೆ, ಹೆಸರು, ಬಂಧುಬಳಗವನ್ನೆಲ್ಲ ಬಿಟ್ಟವನು. ಸಂನ್ಯಾಸಕ್ಕೆ ಮುನ್ನ ತನ್ನ ಶ್ರಾದ್ಧವನ್ನು ತಾನೇ ಮಾಡಿ ಮುಗಿಸುವವನು. ಬದುಕಿಗೆ ಅಂಟಿಕೊಳ್ಳಲು ಒದ್ದಾಡುವ ಹುಡುಗನೊಬ್ಬ ಅದೇ ಬಣ್ಣವನ್ನು ಆಸರೆಯಾಗಿ ಹಿಡಿಯುವುದರಲ್ಲಿ ವಿಚಿತ್ರವಾದ ತಿರುವೊಂದಿದೆ. ಅವನು ತಾನಾಗಿ ಏನನ್ನೂ ಬಿಟ್ಟವನಲ್ಲ, ಸಮುದ್ರವೇ ಒಂದೊಂದಾಗಿ ಕಿತ್ತುಕೊಂಡಿತು. ಹುಟ್ಟಿನಿಂದ ಬಂದ ಸಸ್ಯಾಹಾರದ ವ್ರತವೂ ಉಳಿಯಲಿಲ್ಲ.

ಈ ಬಣ್ಣ ಅಭಯವನ್ನಷ್ಟೇ ಕೊಡುತ್ತದೆ ಎಂದು ಓದಿದರೂ ತಪ್ಪಾದೀತು. ದೋಣಿ ಹತ್ತಿದ ಒರಾಂಗುಟಾನ್ ವಾನರದ ಹೆಸರು ಆರೆಂಜ್ ಜ್ಯೂಸ್. ಕಾದಂಬರಿಯ ಕೊನೆಯಲ್ಲಿ ಪೈ ಅದೇ ಪಯಣವನ್ನು ಪ್ರಾಣಿಗಳಿಲ್ಲದೆ ಮತ್ತೊಮ್ಮೆ ಹೇಳುವ ಕಥೆಯಲ್ಲಿ ಅದರ ಜಾಗದಲ್ಲಿರುವವಳು ಅವನ ತಾಯಿ, ಎರಡು ಕಥೆಗಳಲ್ಲೂ ಆ ಜೀವ ಕೊಲೆಯಾಗುತ್ತದೆ. ಹುಲಿ ರಿಚರ್ಡ್ ಪಾರ್ಕರ್‌ನ ಮೈಯೂ ಅದೇ ಬಣ್ಣದ್ದು. ನೀಲಿ ನೀರಿನ ನಡುವೆ ದೂರದಿಂದಲೇ ಕಾಣಲೆಂದು ಮನುಷ್ಯ ಜೀವರಕ್ಷಕ ಸಾಮಗ್ರಿಗೆ ಬಳಿದ ಬಣ್ಣವನ್ನು ಹುಲಿ ಕಾಣದಿರುವುದಕ್ಕಾಗಿ ಹೊದ್ದಿದೆ: ಕೆಂಪು ಹಸಿರುಗಳನ್ನು ಬೇರ್ಪಡಿಸಲಾರದ ಜಿಂಕೆಯ ಕಣ್ಣಿಗೆ ಅದು ಪೊದೆಯ ಹಸಿರಿನಲ್ಲಿ ಕರಗಿಹೋಗುತ್ತದೆ. ಇನ್ನು ದೋಣಿಯಾದರೂ ಯಾರಿಗೆ ಕಂಡಿತು? ತೈಲದ ಹಡಗೊಂದು ಮೇಲೆ ಹರಿದೇಬಿಡುವಷ್ಟು ಹತ್ತಿರ ಬಂದು, ಪೈ ಹಾರಿಸಿದ ಸಂಕೇತದ ರಾಕೆಟ್ಟನ್ನೂ ಲೆಕ್ಕಿಸದೆ ಹೊರಟುಹೋಗುತ್ತದೆ. 227 ದಿನಗಳ ಆ ಪಯಣದಲ್ಲಿ ಕಿತ್ತಳೆ ಬಣ್ಣ ಕರೆದು ತಂದ ರಕ್ಷಕ ಒಬ್ಬನೂ ಇಲ್ಲ.

ಉಳಿದ ಬಣ್ಣಗಳಲ್ಲಿ ನನ್ನನ್ನು ಕಾಡಿದ್ದು ಡೊರಾಡೊ ಮೀನಿನ ಸಾವು. ಪೈ ಅದನ್ನು ಬಡಿಯುತ್ತಿರುವಾಗ ಅದರ ಮೈಮೇಲೆ ನೀಲಿ, ಹಸಿರು, ಕೆಂಪು, ಹೊನ್ನಿನ ಬಣ್ಣಗಳು ಮಿನುಗಿ ಮಾಯವಾಗುತ್ತವೆ. ಕಾಮನಬಿಲ್ಲನ್ನೇ ಹೊಡೆದು ಕೊಲ್ಲುತ್ತಿರುವಂತೆ ಅವನಿಗನ್ನಿಸುತ್ತದೆ. ಮೊದಲ ಮೀನಿಗಾಗಿ ಅತ್ತಿದ್ದವನು ಅಷ್ಟು ಹೊತ್ತಿಗೆ ಕೊಲ್ಲುವುದನ್ನು ಕಲಿತಿದ್ದಾನೆ, ಆ ಬೆರಗು ಮಾತ್ರ ಇನ್ನೂ ಸತ್ತಿಲ್ಲ. ಮುಂದೆ ಹಸಿವು ಅವನ ಕಣ್ಣನ್ನೇ ಕಸಿದಾಗ ಪುಸ್ತಕದಿಂದ ಬಣ್ಣವೇ ಹೊರಟುಹೋಗಿ, ಕತ್ತಲಲ್ಲಿ ಎರಡು ದನಿಗಳು ಬರೀ ಊಟದ ಮಾತಾಡುತ್ತವೆ. ಆ ಭಾಗದಷ್ಟು ಭಯ ಹುಲಿಯ ಪುಟಗಳೂ ಹುಟ್ಟಿಸಲಿಲ್ಲ. ದೃಷ್ಟಿ ಮರಳಿದ ಮೇಲೆ ಎದುರಾಗುವುದು ಹಸಿರು ದ್ವೀಪ. ಹಸಿರು ಇಸ್ಲಾಮಿನ ಬಣ್ಣ, ತನ್ನ ಅಚ್ಚುಮೆಚ್ಚಿನ ಬಣ್ಣ ಎಂದು ಹಿಗ್ಗುವ, ಇಸ್ಲಾಮನ್ನೂ ನೆಚ್ಚಿದ ಪೈಗೆ ಅಲ್ಲಿ ಹಣ್ಣಿನಂಥದ್ದೊಂದನ್ನು ಬಿಡಿಸಿದಾಗ ಎಲೆಗಳೊಳಗೆ ಸಿಗುವುದು ಮನುಷ್ಯನ ಹಲ್ಲು.

ಮೊದಲ ಭಾಗದ ಕೊನೆಯಲ್ಲಿ, ದೊಡ್ಡವನಾದ ಪೈನ ಕೆನಡಾದ ಮನೆಯಲ್ಲಿ, ಅವನ ಪುಟ್ಟ ಮಗಳು ಬೆಕ್ಕೊಂದನ್ನು ತಬ್ಬಿಕೊಂಡಿದ್ದಾಳೆ. ಅದೂ ಆರೆಂಜ್. ಅದನ್ನು ಕಿತ್ತಳೆ ಬಣ್ಣದ ಬೆಕ್ಕು ಎನ್ನಲು ನನಗೆ ಯಾವ ಅನುಮಾನವೂ ಇಲ್ಲ. ದೋಣಿಯ ಪುಟದಲ್ಲೂ ಸದ್ಯಕ್ಕೆ ಕಿತ್ತಳೆ ಎಂದೇ ಬರೆದಿದ್ದೇನೆ, ‘ಹಿಂದೂ ಬಣ್ಣ’ ಎಂಬ ಮಾತಿನ ಪಕ್ಕ ಮಾತ್ರ ಜಾಗ ಖಾಲಿ ಬಿಟ್ಟಿದ್ದೇನೆ.