ಎರಡು ತುಂಡಿನ ಕೀಬೋರ್ಡ್: ‘ಅಕ್ಕ’ ಮತ್ತೆ ‘ಅಕ್ಕ’ ಆದಳು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಒಂದು ಪುಟ ಕನ್ನಡ ತಪ್ಪಿಲ್ಲದೆ ಟೈಪ್ ಆಯಿತು. ಮೂರು ವಾರದಲ್ಲಿ ಇದೇ ಮೊದಲು. ಕಿರುಬೆರಳು ಜುಮ್ಮೆನ್ನಲಿಲ್ಲ, ಮಣಿಕಟ್ಟು ಸೆಳೆಯಲಿಲ್ಲ. ಖುಷಿ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ಬೆಸುಗೆಯ ಕಥೆ ಬಿಡಿ. 42 ಕೀಲಿಯ ಕಾರ್ನ್, ಬಿಡಿಭಾಗ ತಂದು ನಾವೇ ಬೆಸೆದುಕೊಳ್ಳುವ ಎರಡು ತುಂಡಿನ ಕೀಬೋರ್ಡ್. ಡಯೋಡ್‌ಗಳೆಲ್ಲ ಸರಿ ದಿಕ್ಕಿಗೆ ಕೂತಿವೆ, ಎರಡೂ ಭಾಗ ಕೆಲಸ ಮಾಡುತ್ತಿವೆ. ತಡವಾಗಿದ್ದು ಕೀಕ್ಯಾಪ್‌ನಿಂದ, ಅಂದರೆ ಸ್ವಿಚ್ ಮೇಲೆ ಕೂರುವ ಬಿಲ್ಲೆಯಿಂದ. ಚಾಕ್ ವಿ1 ಸ್ವಿಚ್‌ಗೆ ಎರಡು ಕಾಲಿನ ಕ್ಯಾಪ್ ಬೇಕೆಂದು ಆರ್ಡರಿನಲ್ಲೇ ಬರೆದಿದ್ದೆ. ಆನ್‌ಲೈನ್ ಅಂಗಡಿಯವರು ಕಳಿಸಿದ್ದು ಎಂಎಕ್ಸ್ ಎಂಬ ಬೇರೆ ಜಾತಿಯ ಸ್ವಿಚ್‌ಗೆ ಕೂರುವಂಥದ್ದು. ಅದು ವಾಪಸ್ ಹೋಗಿ ಸರಿಯಾದದ್ದು ಬರಲು ಹನ್ನೆರಡು ದಿನ! ಅಷ್ಟರಲ್ಲಿ ಎರಡು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್ ಅಲೆದೆ. ಎರಡು ಭಾಗ ಜೋಡಿಸುವ ಟಿಆರ್‌ಆರ್‌ಎಸ್ ಕೇಬಲ್ ಸಿಕ್ಕಿತು, ಬೆಸುಗೆ ಹೀರುವ ಸೋಲ್ಡರ್ ವಿಕ್ ಸಿಕ್ಕಿತು, ಚಾಕ್ ಕ್ಯಾಪ್ ಕೇಳಿದಲ್ಲೆಲ್ಲ ‘ಅದು ಬರಲ್ಲ’ ಎಂಬ ಉತ್ತರ.

ನಿಜವಾದ ಕಾಟ ಆಮೇಲೆ ಶುರುವಾಯಿತು. ನಾನು ಬಳಸುವುದು ಕೆ.ಪಿ. ರಾವ್ ಅವರ ಕನ್ನಡ ಕೀಲಿ ವಿನ್ಯಾಸ, ನುಡಿ ತಂತ್ರಾಂಶದಲ್ಲಿರುವುದು. ಅದರಲ್ಲಿ ದೀರ್ಘ ಸ್ವರ, ಮಹಾಪ್ರಾಣ, ಣ, ಳ, ಶ, ಅನುಸ್ವಾರ ಎಲ್ಲಕ್ಕೂ ಶಿಫ್ಟ್ ಬೇಕು. ಒಂದು ಸಾಲಿಗೆ ಎಷ್ಟು ಸಲ ಕಿರುಬೆರಳು ಚಾಚುತ್ತೀರಿ, ಎಣಿಸಿ ನೋಡಿ. ನೋವಿನ ಮೂಲವೇ ಅದು. ಹಾಗಾಗಿ ಎಲ್ಲರೂ ಹೇಳುವ ಹೋಮ್ ರೋ ಮಾಡ್ಸ್ ಹಾಕಿದೆ: ಎಫ್ ತಟ್ಟಿದರೆ ಎಫ್, ಒತ್ತಿ ಹಿಡಿದರೆ ಶಿಫ್ಟ್. ಬಲಗಡೆ ಜೆ ಕೂಡ ಹಾಗೇ.

ಇಂಗ್ಲಿಷ್‌ನಲ್ಲಿ ಬೆಣ್ಣೆಯ ಹಾಗೆ ಹೋಯಿತು. ಕನ್ನಡದಲ್ಲಿ ‘ಅಕ್ಕ’ ಅಂದರೆ ‘ಅಕಖ’, ‘ಎಲ್ಲ’ ಅಂದರೆ ‘ಎಲಳ’, ‘ಅಮ್ಮ’ ಅಂದರೆ ‘ಅಮಂ’. ‘ಕನ್ನಡ’ವೇ ‘ಕನಣಡ’!

ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ನಮ್ಮ ವಿನ್ಯಾಸದಲ್ಲಿ ಎಫ್ ಎಂದರೆ ಹಲಂತ, ‘ಕ’ವನ್ನು ‘ಕ್’ ಮಾಡುವ ಕೀಲಿ. ಪ್ರತಿ ಒತ್ತಕ್ಷರಕ್ಕೂ ಅದು ಬೇಕು. ಬೆರಳು ಎಫ್ ಬಿಡುವುದರೊಳಗೆ ಕೆ ಒತ್ತಿ ಬಿಟ್ಟಿದ್ದರೆ ಕೀಬೋರ್ಡಿನೊಳಗಿನ ತಂತ್ರಾಂಶ, ಕ್ಯುಎಂಕೆ, ಅದನ್ನು ಶಿಫ್ಟ್ ಎಂದು ಓದುತ್ತದೆ. ಅದರ ಟ್ಯಾಪಿಂಗ್ ಟರ್ಮ್, ಅಂದರೆ ತಟ್ಟಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಗಡುವು, ಮೂಲದಲ್ಲಿ 200 ಮಿಲಿಸೆಕೆಂಡ್. 280ಕ್ಕೆ ಏರಿಸಿ, ನಡುವೆ ಬೇರೆ ಕೀಲಿ ಒತ್ತಿ ಬಿಟ್ಟರೆ ಗಡುವಿನೊಳಗೂ ಹಿಡಿತವೆಂದೇ ಎಣಿಸುವ ಪರ್ಮಿಸಿವ್ ಹೋಲ್ಡ್ ತೆಗೆದೆ. ‘ಅಕ್ಕ’ ಸುಧಾರಿಸಿದಳು, ‘ಮುಖ’ ಕೆಟ್ಟಿತು: ಖ ಬರುವ ಜಾಗದಲ್ಲಿ ಒಂದು ಒಂಟಿ ಹಲಂತ, ಅದರ ಬೆನ್ನಿಗೆ ಬರೀ ಕ. ಕಾರ್ಡಲ್ ಹೋಲ್ಡ್ ಹಾಕಿದೆ. ಅದು ಒಂದೇ ಕೈಯ ಎರಡು ಕೀಲಿಗಳನ್ನಷ್ಟೇ ಹಿಡಿತವಾಗದಂತೆ ಕಾಯುತ್ತದೆ. ನಮ್ಮ ಎಫ್ ಎಡಗೈಯಲ್ಲಿ, ಕೆ, ಎಲ್, ಎಂ, ಎನ್ ಎಲ್ಲ ಬಲಗೈಯಲ್ಲಿ. ಕೊನೆಗೆ ಫ್ಲೋ ಟ್ಯಾಪ್. ವೇಗವಾಗಿ ಟೈಪಿಸುವಾಗ ಅದು ಹಿಡಿತವನ್ನೂ ತಟ್ಟಿದ್ದೆಂದೇ ಎಣಿಸುತ್ತದೆ. ಇಂಗ್ಲಿಷ್‌ನವರಿಗೆ ಶಿಫ್ಟ್ ಬೇಕಾಗುವುದು ಹೆಚ್ಚಾಗಿ ಪದದ ಮೊದಲಿಗೆ, ಸ್ಪೇಸ್ ಹೊಡೆದು ಒಂದು ಚಣ ನಿಂತಾಗ. ನಮಗೆ ಪದದ ನಟ್ಟನಡುವೆ ಬೇಕು. ಅವರ ಪರಿಹಾರವೇ ನಮಗೆ ರೋಗ.

ಹಾಗಾದರೆ ಎಫ್ ಅನ್ನು ಮುಟ್ಟಲೇಬಾರದು. ಅದನ್ನೂ ಜೆಯನ್ನೂ ಬರಿಯ ಅಕ್ಷರಗಳಾಗಿ ಬಿಟ್ಟು, ಶಿಫ್ಟನ್ನು ಎಡ ಹೆಬ್ಬೆರಳಿಗೆ ಒನ್-ಶಾಟ್ ಆಗಿ ಇಳಿಸಿದೆ. ತಟ್ಟಿ ಬಿಟ್ಟರೆ ಮುಂದಿನ ಒಂದು ಕೀಲಿಗೆ ಮಾತ್ರ ಶಿಫ್ಟ್. ಹಿಡಿಯುವುದೇ ಬೇಡ. ಸ್ಪೇಸ್ ಬಲ ಹೆಬ್ಬೆರಳಿಗೆ ಹೋಯಿತು. ಮೊದಲ ಗಂಟೆ ಪದಪದದ ನಡುವೆಯೂ ಎಡಗೈಯೇ ಮುಂದೆ ಬರುತ್ತಿತ್ತು, ಸಂಜೆಗೆ ಒಗ್ಗಿತು. ನಮ್ಮ ಕೈಯಲ್ಲಿ ಗಟ್ಟಿ ಬೆರಳು ಹೆಬ್ಬೆರಳೇ. ಮಾಮೂಲಿ ಕೀಬೋರ್ಡಿನಲ್ಲಿ ಎರಡೂ ಹೆಬ್ಬೆರಳಿಗೆ ಸೇರಿ ಒಂದೇ ಸ್ಪೇಸ್‌ಬಾರ್ ಕೊಟ್ಟು ಕೂರಿಸಿರುವುದು ದೊಡ್ಡ ಅನ್ಯಾಯ.

ಕೊಳ್ಳಲು ಹೊರಟವರಿಗೆ ಒಂದು ಮಾತು: ಆಕಾರಕ್ಕಿಂತ ಮೊದಲು ಹೆಬ್ಬೆರಳ ಕೀಲಿ ಎಷ್ಟಿವೆ, ಅವನ್ನು ಬದಲಿಸಬಹುದೇ ನೋಡಿ.

ಟೆಂಟಿಂಗ್‌ಗೆ, ಅಂದರೆ ಎರಡೂ ಭಾಗದ ಒಳಬದಿಯನ್ನು ಗುಡಾರದ ಹಾಗೆ ಎತ್ತರಿಸಲು, ಸದ್ಯಕ್ಕೆ ಎರಡು ಮರದ ಆಪು ಸಾಕು. ತೇಗದ ಚೂರಿಗೆ ಮೈಸೂರು ರೋಡಿನ ಟಿಂಬರ್ ಯಾರ್ಡ್ ಕಡೆ ಯಾವತ್ತಾದರೂ ಹೋಗಬೇಕು.

ಆದರೆ ತಲೆ ಈಗಲೇ ಬೇರೆ ಕಡೆ ಓಡಿದೆ. ಕ್ಯುಎಂಕೆಯಲ್ಲಿ ಹಿಂದಿನ ಕೀಲಿಯನ್ನು ಮತ್ತೆ ಒತ್ತುವ ರಿಪೀಟ್ ಕೀ ಇದೆಯಲ್ಲ, ಅದು ಒತ್ತುವ ಮೊದಲು ಒಂದು ಎಫ್ ಬರುವಂತೆ ಸೇರಿಸಿದರೆ? ಕ ಒತ್ತಿ ಆ ಕೀಲಿ ತಟ್ಟಿದರೆ ‘ಕ್ಕ’. ಹಿಂದಿನ ಶಿಫ್ಟ್ ಕೂಡ ಅದಕ್ಕೆ ನೆನಪಿರುವುದರಿಂದ ‘ಅಣ್ಣ’ನೂ ಬರಬೇಕು. ಸಜಾತೀಯ ಒತ್ತಿಗೆಲ್ಲ ಒಂದೇ ಕೀಲಿ! ‘ಕ್ತ’, ‘ಸ್ತ್ರ’ದಂಥವಕ್ಕೆ ಎಫ್ ಇದ್ದೇ ಇದೆ. ಬಲ ಹೆಬ್ಬೆರಳಿನ ಪಕ್ಕ ಒಂದು ಜಾಗ ಖಾಲಿ ಇಟ್ಟಿದ್ದೇನೆ, ಶನಿವಾರ ಕೋಡ್ ಬರೆಯುತ್ತೇನೆ.