ಮೀಟರ್ 25 ಎಂದಿತು, ಬಲ್ಬ್ ಬೇರೆಯೇ ಹೇಳಿತು

ಭಾರೀ ಯಂತ್ರಗಳ ವಿದ್ಯುತ್ ದೋಷ ಹುಡುಕುವ ಕೆಲಸಕ್ಕೆ ಬಂದ ಮೂರನೆಯ ವರ್ಷ ನಾನು ಒಂದು ಕಂಟ್ರೋಲರ್ ಅನ್ನು, ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು, ಸುಮ್ಮಸುಮ್ಮನೆ ಬದಲಿಸಿದೆ. ಅದರ ಬಿಲ್ ನೋಡಿದ ಮಾಲೀಕರ ಮುಖ ಈಗಲೂ ಕಣ್ಣ ಮುಂದಿದೆ.

ಅದು 20 ಟನ್ನಿನ ಎಕ್ಸ್‌ಕವೇಟರ್. ಎಂಜಿನ್ ಸಲೀಸಾಗಿ ಶುರುವಾಗುತ್ತಿತ್ತು, ಕ್ಯಾಬಿನ್ನಿನ ಪರದೆಯೂ ಬೆಳಗುತ್ತಿತ್ತು. ಬೂಮ್, ಅಂದರೆ ಮುಂದಿನ ದೊಡ್ಡ ತೋಳು, ಎತ್ತಲು ಹೋದರೆ ಮಾತ್ರ ಪರದೆ ಕಪ್ಪಾಗಿ, ಕ್ಷಣ ಬಿಟ್ಟು ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪಂಪ್ ಸೊರಗಿ ಬೂಮ್ ಅರ್ಧಕ್ಕೇ ನಿಂತಿರುತ್ತಿತ್ತು. ನಾನು ಕಂಟ್ರೋಲರ್‌ನ ಕನೆಕ್ಟರ್ ಬಿಚ್ಚಿ, ವಿದ್ಯುತ್ ಬರುವ ಪಿನ್ನಿಗೂ ಅದು ಬ್ಯಾಟರಿಯ ಮೈನಸ್‌ಗೆ ಮರಳುವ ಅರ್ಥ್ ಪಿನ್ನಿಗೂ ಮಲ್ಟಿಮೀಟರ್ ಹಿಡಿದೆ. 25 ವೋಲ್ಟ್. 12 ವೋಲ್ಟಿನ ಎರಡು ಬ್ಯಾಟರಿಗಳ ಯಂತ್ರಕ್ಕೆ ಇದಕ್ಕಿಂತ ಇನ್ನೇನು ಬೇಕು? ಅನ್ನ ನೀರು ಸರಿಯಾಗಿಯೇ ಸಿಗುತ್ತಿದೆ, ಆದರೂ ಕುಸಿದು ಬೀಳುತ್ತದೆ ಎಂದರೆ ರೋಗ ಒಳಗೇ ಇದೆ ಎಂದು ತೀರ್ಮಾನಿಸಿ ವರದಿ ಬರೆದೆ.

ಹೊಸ ಕಂಟ್ರೋಲರ್ ಬಂತು. ಕೂರಿಸಿದೆವು. ಆಪರೇಟರ್ ಬೂಮ್ ಎತ್ತಿದರು. ಪರದೆ ಕಪ್ಪಾಯಿತು.

ನಮ್ಮ ಶೆಡ್ಡಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. ಅವರು ಬಂದು ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ತಮ್ಮ ಪೆಟ್ಟಿಗೆಯಿಂದ ಹಳೆಯ ಹೆಡ್‌ಲೈಟ್ ಬಲ್ಬ್ ಒಂದನ್ನು ತೆಗೆದರು. 24 ವೋಲ್ಟ್, 70 ವ್ಯಾಟ್. ಅದಕ್ಕೆ ಎರಡು ತಂತಿಗಳನ್ನು ಬೆಸುಗೆ ಹಾಕಿ ಇಟ್ಟುಕೊಂಡಿದ್ದರು. "ಮೀಟರಿಗೆ ಹಸಿವೆಯೇ ಇಲ್ಲ ಕಣೋ. ಹಸಿದವನನ್ನು ಪಂಕ್ತಿಯಲ್ಲಿ ಕೂರಿಸಿ ನೋಡು" ಎಂದು ಅದೇ ಎರಡು ಪಿನ್ನುಗಳಿಗೆ ಬಲ್ಬ್ ಜೋಡಿಸಿದರು. ಆರಲಿರುವ ಕೆಂಡದಂತೆ ಒಳಗಿನ ಎಳೆ ಕೆಂಪಗಾಯಿತು, ಅಷ್ಟೆ. ಪಕ್ಕದಲ್ಲೇ ಹಿಡಿದಿದ್ದ ಮೀಟರ್ 25ರಿಂದ 9ಕ್ಕೆ ಇಳಿದಿತ್ತು.

ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್. 25 ವೋಲ್ಟ್ ಅಳೆಯುವಾಗ ಅದರೊಳಗೆ ಹರಿಯುವುದು ಎರಡೂವರೆ ಮೈಕ್ರೋ ಆಂಪಿಯರ್. ಕೇಬಲ್ಲಿನ ಎಲ್ಲ ಎಳೆಗಳೂ ತುಂಡಾಗಿ ಒಂದೇ ಒಂದು ಉಳಿದಿದ್ದರೂ, ನಟ್ಟು ತುಕ್ಕು ಹಿಡಿದಿದ್ದರೂ ಅಷ್ಟು ವಿದ್ಯುತ್ತು ಆರಾಮವಾಗಿ ಬರುತ್ತದೆ. ಬಲ್ಬಿಗೆ ಬೇಕಾದದ್ದು ಸುಮಾರು 3 ಆಂಪಿಯರ್. ಕಂಟ್ರೋಲರ್‌ನ ಕಥೆಯೂ ಇದೇ. ಸುಮ್ಮನಿರುವಾಗ ಅದಕ್ಕೆ ಬೇಕಾಗುವುದು ಅಲ್ಪ, ಹಾಗಾಗಿ ಪರದೆ ಬೆಳಗುತ್ತದೆ. ಬೂಮ್ ಎತ್ತುವಾಗ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ) ವಾಲ್ವುಗಳಿಗೂ ಅದೇ ದಾರಿಯಿಂದ ಉಣಿಸಬೇಕು. ಆಗ ದಾರಿಯಲ್ಲೇ ವೋಲ್ಟೇಜ್ ಸೋರಿ, ಕಂಟ್ರೋಲರ್ ಉಸಿರುಗಟ್ಟಿ ಬೀಳುತ್ತದೆ.

ಮುಂದಿನದು ಹತ್ತು ನಿಮಿಷದ ಕೆಲಸ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಕನೆಕ್ಟರ್‌ನ ವಿದ್ಯುತ್ ಪಿನ್ನಿಗೆ ಹಿಡಿದೆ. 0.3 ವೋಲ್ಟ್, ಅಂದರೆ ಈ ತಂತಿ ನಿರಪರಾಧಿ. ಬ್ಯಾಟರಿಯ ಮೈನಸ್‌ಗೂ ಅರ್ಥ್ ಪಿನ್ನಿಗೂ ಹಿಡಿದೆ. 15.7! ಕಳೆದುಹೋದದ್ದೆಲ್ಲ ಅರ್ಥ್ ಕಡೆಯೇ ಬಿದ್ದಿತ್ತು. ಮೈನಸ್ ಕಡ್ಡಿಯನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ತಂತಿಯ ಗುಂಟ ಸರಿಸುತ್ತ ಕ್ಯಾಬಿನ್ನಿನ ಕೆಳಗೆ ಅರ್ಥ್ ತಂತಿಯ ಲಗ್, ಅಂದರೆ ತುದಿಯ ಲೋಹದ ಬಳೆ, ಚೌಕಟ್ಟಿಗೆ ಬೋಲ್ಟ್ ಆಗಿದ್ದ ಜಾಗಕ್ಕೆ ಬಂದೆ. ಲಗ್ಗಿನ ಮೇಲೆ ಇಟ್ಟರೆ ಇನ್ನೂ 15ರ ಮೇಲೆ. ಎರಡು ಬೆರಳು ಆಚೆ ಚೌಕಟ್ಟಿನ ಕಬ್ಬಿಣವನ್ನು ಸ್ವಲ್ಪ ಕೆರೆದು ಇಟ್ಟರೆ 0.1. ಬೋಲ್ಟ್ ಬಿಚ್ಚಿ ಲಗ್ ಎತ್ತಿದೆ. ಅದರಡಿಯಲ್ಲಿ ನುಣ್ಣನೆಯ, ಹೊಳೆಯುವ ಹಳದಿ ಬಣ್ಣದ ಲೇಪ, ವಿದ್ಯುತ್ತಿಗೆ ಅದು ಗೋಡೆ. ಬೋಲ್ಟಿನ ತಿರುಪು ಗೆರೆಗಳು ಒಂದಿಷ್ಟು ಕಬ್ಬಿಣ ಸೋಕುತ್ತಿದ್ದುದರಿಂದಲೇ ಅಷ್ಟಾದರೂ ಬರುತ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆವು. ಬಲ್ಬ್ ಕಣ್ಣು ಕುಕ್ಕುವಂತೆ ಉರಿಯಿತು.

ಈಗ ನನಗೆ ನಾಚಿಕೆಯಾಗುವ ಭಾಗ. ಮೊದಲ ದಿನವೇ ಆಪರೇಟರ್ ಹೇಳಿದ್ದರು: "ಕ್ಯಾಬಿನ್ ಇಳಿಸಿ ಬಣ್ಣ ಹೊಡೆಸಿದ ಮೇಲೆ ಹೀಗಾಗಿದೆ ಸರ್." ಬಣ್ಣಕ್ಕೂ ಕಂಟ್ರೋಲರ್‌ಗೂ ಎಲ್ಲಿಯ ಸಂಬಂಧ ಎಂದು ನಕ್ಕುಬಿಟ್ಟಿದ್ದೆ. ಇಂದು ಯಂತ್ರದ ಬಳಿ ಹೋದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಕೇಳುವುದು ಒಂದೇ: ಇದಕ್ಕೆ ಮುಂಚೆ ಏನು ಮಾಡಿಸಿದಿರಿ? ಒತ್ತಡದ ನೀರಿನಲ್ಲಿ ತೊಳೆಸಿರುತ್ತಾರೆ, ಹೆಚ್ಚುವರಿ ದೀಪ ಹಾಕಿಸಿರುತ್ತಾರೆ, ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸಿರುತ್ತಾರೆ. ಬ್ಯಾಟರಿ ಮತ್ತು ಕಂಟ್ರೋಲರ್ ಕನೆಕ್ಟರ್‌ಗಳನ್ನು ಬಿಚ್ಚದೆ, ಅರ್ಥ್ ಕ್ಲಾಂಪನ್ನು ಎಲ್ಲೋ ದೂರಕ್ಕೆ ಕಚ್ಚಿಸಿ ವೆಲ್ಡ್ ಮಾಡಿದ್ದಾರೆಂದು ತಿಳಿದರೆ, ಆ ವಿದ್ಯುತ್ತು ಕಂಟ್ರೋಲರ್ ಒಳಗೂ ಹರಿದಿರಬಹುದಾದ್ದರಿಂದ, ಹುಡುಕಾಟದ ದಿಕ್ಕೇ ಬದಲಾಗುತ್ತದೆ.

ಬಲ್ಬಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಫ್ಯೂಸಿನಿಂದ ಬರುವ ವಿದ್ಯುತ್ ತಂತಿಗಳಿಗೆ ಮಾತ್ರ ಅದು, ಅದೂ ಕನೆಕ್ಟರ್ ಕಳಚಿದ ಮೇಲೆ. ಸೆನ್ಸರ್‌ಗಳ 5 ವೋಲ್ಟ್ ತಂತಿಗೋ, ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ ಕ್ಯಾನ್ (CAN) ತಂತಿಗಳಿಗೋ ತಾಗಿಸಿದರೆ ಕಂಟ್ರೋಲರ್ ನಿಜವಾಗಿಯೂ ಹೋಗಬಹುದು. ಕ್ಯಾನ್ ಜೋಡಿಯನ್ನು ವಿದ್ಯುತ್ ಪೂರ್ತಿ ಆರಿಸಿ ಓಮ್ ಮೀಟರಿನಲ್ಲಿ ನೋಡಬೇಕು: ಎರಡು ತುದಿಗಳಲ್ಲೂ 120 ಓಮ್‌ನ ರೋಧಕ ಸಮಾಂತರವಾಗಿ ಇರುವುದರಿಂದ ಅರ್ಧ, ಅಂದರೆ 60 ಬರಬೇಕು, 120 ಬಂದರೆ ಒಂದು ತುದಿ ಕೈಬಿಟ್ಟಿದೆ. ಸೆನ್ಸರ್‌ಗಳದ್ದು ಇನ್ನೊಂದು ಬಗೆಯ ಕಣ್ಕಟ್ಟು. ನಾಲ್ಕು ಸೆನ್ಸರ್‌ಗಳ ದೋಷ ಸಂಕೇತ ಒಟ್ಟಿಗೇ ಬಂದರೆ ನಾಲ್ಕೂ ಒಂದೇ ಗಳಿಗೆಯಲ್ಲಿ ಸತ್ತವೆಂದು ನಾನು ನಂಬುವುದಿಲ್ಲ. ಅವಕ್ಕೆಲ್ಲ 5 ವೋಲ್ಟ್ ಒಂದೇ ಸಾಲಿನಿಂದ ಬರುತ್ತಿರಬಹುದು, ಒಂದು ಸೆನ್ಸರ್ ಕೆಟ್ಟು ಆ 5 ವೋಲ್ಟ್ ನೇರ ಅರ್ಥ್‌ಗೆ ತಾಗಿದರೆ ಸಾಲೆಲ್ಲ ಕುಸಿಯುತ್ತದೆ. ಆ ಸಾಲಿಗೆ ಮೀಟರ್ ಹಿಡಿದು ಒಂದೊಂದಾಗಿ ಕಳಚುತ್ತ ಹೋಗುತ್ತೇನೆ. ಯಾವುದನ್ನು ಬಿಚ್ಚಿದಾಗ 5 ಮರಳುತ್ತದೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಮರಳದಿದ್ದರೆ ಹಾರ್ನೆಸ್ (ತಂತಿಗಳ ಕಟ್ಟು) ಎಲ್ಲಿ ಉಜ್ಜಿದೆ ಎಂದು ಟಾರ್ಚ್ ಹಿಡಿದು ಹುಡುಕಬೇಕು. ನನ್ನ ಅನುಭವದಲ್ಲಿ ಬೂಮಿನ ಬುಡ, ಇಲ್ಲವೇ ಯಾರೋ ಕ್ಲಿಪ್ ಹಾಕಲು ಮರೆತ ತಿರುವು.

ವಿದ್ಯುತ್ ಭಾಗಗಳನ್ನು ಒಮ್ಮೆ ಡಬ್ಬಿ ಒಡೆದ ಮೇಲೆ ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಆ ಕಂಟ್ರೋಲರ್‌ನ ದುಡ್ಡನ್ನು ಕೊನೆಗೆ ನಮ್ಮ ಕಡೆಯವರೇ ಭರಿಸಿದರು. ಹಳೆಯದನ್ನೇ ಆ ಯಂತ್ರಕ್ಕೆ ಮತ್ತೆ ಕೂರಿಸಿದೆ. ಹೊಸದು ಶೆಡ್ಡಿನ ಕಪಾಟಿನಲ್ಲಿದೆ. ಅದೇ ಮಾದರಿಯ ಯಂತ್ರಗಳು ಎಷ್ಟೋ ಬಂದು ಹೋದವು, ಅದನ್ನು ಹೊರಗೆ ತೆಗೆಯುವ ಪ್ರಸಂಗ ಇನ್ನೂ ಬಂದಿಲ್ಲ.