ತಾಹೋದಲ್ಲಿ ಇಬ್ಬರೇ ಬೋಟಿನಲ್ಲಿ: ಪಶ್ಚಿಮ ದಡದ ಒಂದು ಬೆಳಗು

ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ತಾಹೋ ಸರೋವರ ಬೆಳಗಿನ ಹೊತ್ತಿನದು. ಬೇಸಿಗೆಯಲ್ಲಿ ಏಳು ಗಂಟೆಗೆ ಅಲ್ಲಾಡದೆ ಮಲಗಿರುವ ನೀರಿನ ಮೇಲೆ ಮಧ್ಯಾಹ್ನ ಒಂದರ ಹೊತ್ತಿಗೆ ನೈಋತ್ಯದ ಗಾಳಿ ಎರಡು ಮೂರು ಅಡಿ ಅಲೆ ಎಬ್ಬಿಸಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಬರುವ ನಮ್ಮವರು ಸಾಮಾನ್ಯವಾಗಿ ಹತ್ತಕ್ಕೆ ತಿಂಡಿ ಮುಗಿಸಿ, ಹನ್ನೊಂದಕ್ಕೆ ಬೋಟ್ ಇಳಿಸಿ, ಸರಿಯಾಗಿ ಗಾಳಿ ಏಳುವಾಗ ನಡುನೀರಿನಲ್ಲಿರುತ್ತಾರೆ. ಆ ವೇಳಾಪಟ್ಟಿಯನ್ನೇ ತಿರುಗಿಸಬೇಕು. ಏಳಕ್ಕೆ ನೀರಿಗೆ, ಹನ್ನೆರಡೂವರೆಗೆ ದಡಕ್ಕೆ.

ಸರೋವರದ ಉದ್ದ 22 ಮೈಲಿ, ಅಗಲ 12 ಮೈಲಿ, ಅತಿ ಆಳವಾದ ಕಡೆ 1,645 ಅಡಿ. ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 6,225 ಅಡಿ ಎತ್ತರದಲ್ಲಿದೆ. ಗಾಳಿ ಈ ಉದ್ದಕ್ಕೂ ಅಡ್ಡಿಯಿಲ್ಲದೆ ಓಡಿದರೆ ಅಲೆ ಎಷ್ಟು ಬೆಳೆಯಬಹುದು ಎಂಬುದನ್ನು 2025ರ ಜೂನ್ 21ರ ಶನಿವಾರ ತೋರಿಸಿತು. ಆ ಮಧ್ಯಾಹ್ನ ಹಠಾತ್ತನೆ ಬಿರುಗಾಳಿ ಬಂದು, ಡಿ.ಎಲ್. ಬ್ಲಿಸ್ ಸ್ಟೇಟ್ ಪಾರ್ಕ್ ಹತ್ತಿರ 10 ಜನರಿದ್ದ ಬೋಟ್ ಮಗುಚಿ 8 ಜನ ತೀರಿಕೊಂಡರು. ಅಂದಿನ ಅಲೆಗಳು ಎಂಟಡಿಯವರೆಗೂ ಎದ್ದಿದ್ದವೆಂದು ವರದಿಯಾಯಿತು. ಇಲ್ಲಿ ಹೇಳುವ ದಾರಿ ಅದೇ ದಡದ್ದು. ದಾರಿ ಅಪಾಯದ್ದಲ್ಲ, ಹೊತ್ತು ತಪ್ಪಿದರೆ ಅಪಾಯ. ಹೊರಡುವ ಹಿಂದಿನ ರಾತ್ರಿಯೂ ಆ ಬೆಳಗ್ಗೆಯೂ ಹತ್ತಿರದ ರೀನೋ ನಗರದ ಹವಾಮಾನ ಕಚೇರಿಯ ಮುನ್ಸೂಚನೆ ನೋಡಿ. ‘ಲೇಕ್ ವಿಂಡ್ ಅಡ್ವೈಸರಿ’ (ಸರೋವರದ ಗಾಳಿಯ ಎಚ್ಚರಿಕೆ) ಇದ್ದರೆ, ಅಥವಾ ಮಧ್ಯಾಹ್ನ ಗುಡುಗು ಮಳೆ ಎಂದಿದ್ದರೆ, ಆ ದಿನ ದಡದಲ್ಲೇ ಕಳೆಯಿರಿ.

ಪಶ್ಚಿಮ ದಡವೇ ಯಾಕೆ ಎಂದರೆ, ನೈಋತ್ಯದ ಗಾಳಿಗೆ ಆ ಕಡೆಯ ಬೆಟ್ಟಸಾಲು ಮರೆಯಾಗುತ್ತದೆ. ಅದೇ ಗಾಳಿ ನೀರು ದಾಟಿ ಪೂರ್ವ ಮತ್ತು ಉತ್ತರ ದಡ ಮುಟ್ಟುವಷ್ಟರಲ್ಲಿ ಅಲೆ ದೊಡ್ಡದಾಗಿರುತ್ತದೆ. ತಾಹೋ ಸಿಟಿ ಪಕ್ಕದಲ್ಲಿ, ಬೋಟನ್ನು ನೀರಿಗಿಳಿಸುವ ಇಳಿಜಾರಾದ ಲೇಕ್ ಫಾರೆಸ್ಟ್ ರ‍್ಯಾಂಪಿನಿಂದ ಇಳಿದು ಸನ್ನಿಸೈಡ್, ಹೋಮ್‌ವುಡ್, ಶುಗರ್ ಪೈನ್ ಪಾಯಿಂಟ್, ಮೀಕ್ಸ್ ಬೇ, ರೂಬಿಕಾನ್ ಪಾಯಿಂಟ್ ದಾಟಿ ಎಮರಾಲ್ಡ್ ಬೇ ಸೇರಲು ಸುಮಾರು 15 ಮೈಲಿ. ಗಂಟೆಗೆ 22 ಮೈಲಿಯಲ್ಲಿ ಮುಕ್ಕಾಲು ಗಂಟೆಯೂ ಬೇಡ.

ಆದರೆ ಬೋಟ್ ನೀರು ಮುಟ್ಟುವ ಮೊದಲು ತಪಾಸಣೆ ಇದೆ. ಮಸ್ಸೆಲ್ ಜಾತಿಯ ಚಿಪ್ಪುಜೀವಿಗಳು ಒಳಸೇರದಂತೆ 2008ರಿಂದ ಹೊರಗಿನ ಪ್ರತಿ ಬೋಟನ್ನೂ ಇಲ್ಲಿ ಪರೀಕ್ಷಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸ್ಸೆಲ್ ಸಿಕ್ಕಿತು. ಉತ್ತರ ಅಮೆರಿಕದಲ್ಲಿ ಅದು ಕಂಡದ್ದು ಅದೇ ಮೊದಲು. ಬೇ ಏರಿಯಾದವರು ವಾರಾಂತ್ಯಕ್ಕೆ ಬೋಟ್ ಇಳಿಸುವ ಡೆಲ್ಟಾ (ನದೀಮುಖದ ಕಾಲುವೆಗಳ ಪ್ರದೇಶ) ಅದೇ ನೀರು. ಹೀಗಾಗಿ 2025ರ ಹಂಗಾಮಿನಲ್ಲಿ, ತಪಾಸಣೆ ಮುಗಿದ ಗುರುತಾದ ಸೀಲ್ ಇಲ್ಲದೆ ಬರುವ ಮೋಟಾರು ಬೋಟ್‌ಗಳಿಗೆ ಬಿಸಿನೀರು ಹಾಯಿಸಿ ಶುದ್ಧಿ ಮಾಡುವುದನ್ನು ಕಡ್ಡಾಯಗೊಳಿಸಿದರು. ಮಸ್ಸೆಲ್ ಮರಿಗಳು ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ತಂಪು ಮಾಡುವ ಕೊಳವೆಯಲ್ಲಿ, ಬೋಟಿನ ತಳಗುಂಡಿಯಾದ ಬಿಲ್ಜ್‌ನಲ್ಲಿ, ಮೀನು ಜೀವಂತ ಇಡುವ ತೊಟ್ಟಿಯಾದ ಲೈವ್‌ವೆಲ್‌ನಲ್ಲಿ ಉಳಿದ ಒಂದು ಲೋಟ ನೀರು ಸಾಕು. ಮನೆಯಿಂದ ಹೊರಡುವಾಗಲೇ ಡ್ರೇನ್ ಪ್ಲಗ್ ಕಳಚಿ, ಎಲ್ಲವನ್ನೂ ಬಸಿದು, ಸ್ಪಂಜಿನಿಂದ ಒರೆಸಿ, ಒಣಗಿಸಿ ತನ್ನಿ. ಒದ್ದೆ ಬೋಟಿಗೆ ಶುಲ್ಕವೂ ಹೆಚ್ಚು, ಕಾಯುವುದೂ ಹೆಚ್ಚು. ಟ್ರಕೀ ಕಡೆಯಿಂದ ಹೈವೇ 89ರಲ್ಲಿ ಬರುವವರಿಗೆ ಆಲ್ಪೈನ್ ಮೆಡೋಸ್ ತಪಾಸಣಾ ಕೇಂದ್ರ ದಾರಿಯಲ್ಲೇ ಸಿಗುತ್ತದೆ. ಇದನ್ನು ಹಿಂದಿನ ದಿನವೇ ಮುಗಿಸಿ. ಬೋಟಿಗೂ ಟ್ರೇಲರಿಗೂ ಸೇರಿಸಿ ಒಂದು ತಂತಿ ಸೀಲ್ ಹಾಕಿಕೊಡುತ್ತಾರೆ. ಮರುದಿನ ನೇರವಾಗಿ ರ‍್ಯಾಂಪಿಗೆ ಹೋಗಬಹುದು.

ರ‍್ಯಾಂಪ್ ತೆರೆದಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ. ತಾಹೋ ಸಿಟಿಯ ಅಣೆಕಟ್ಟು ಹಿಡಿದಿಡುವುದು ಮೇಲಿನ ಆರಡಿ ನೀರನ್ನು ಮಾತ್ರ: ಸಹಜ ಅಂಚು 6,223 ಅಡಿ, ಕಾನೂನಿನ ಗರಿಷ್ಠ ಮಟ್ಟ 6,229.1 ಅಡಿ. ಬರಗಾಲದ ವರ್ಷಗಳಲ್ಲಿ ನೀರು ಅಂಚಿಗಿಳಿದಾಗ ಆಳವಿಲ್ಲದ ರ‍್ಯಾಂಪ್‌ಗಳಲ್ಲಿ ಬೋಟ್ ತೇಲುವುದೇ ಕಷ್ಟ.

ಸಮುದ್ರ ಮಟ್ಟದಲ್ಲಿ ಚೆನ್ನಾಗಿ ಓಡುವ ಬೋಟ್ ಇಲ್ಲಿ ಸುಸ್ತಾದಂತೆ ಕಂಡರೆ ಎಂಜಿನ್ ಕೆಟ್ಟಿಲ್ಲ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ನೂರಕ್ಕೆ ಮೂರರಂತೆ ಶಕ್ತಿ ಕುಗ್ಗುತ್ತದೆ, ಎಂದರೆ ಇಲ್ಲಿ ಐದರಲ್ಲಿ ಒಂದು ಪಾಲಿನ ಹತ್ತಿರ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಮಿಶ್ರಣ ತಾನೇ ಸರಿಹೋಗುತ್ತದೆ, ಶಕ್ತಿ ಮರಳುವುದಿಲ್ಲ. ಕಾರ್ಬ್ಯುರೇಟರ್ ಆದರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ, ನಿಧಾನಗತಿಯಲ್ಲಿ ಕುಂಟಾಟ. ಬೋಟ್ ಮೂತಿ ಎತ್ತಿಕೊಂಡು ನೀರನ್ನು ಉಳುತ್ತಾ ಹೋಗುತ್ತಿದ್ದರೆ, ಪ್ಲೇನ್‌ಗೆ ಏರಿ ನೀರಿನ ಮೇಲೆ ಜಾರದಿದ್ದರೆ, ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಎರಡು ಇಂಚು ಕಡಿಮೆಯದು ಹಾಕಿಸಿ. ಒಂದು ಇಂಚಿಗೆ 150ರಿಂದ 200 ಆರ್‌ಪಿಎಂ ವ್ಯತ್ಯಾಸವಾಗುತ್ತದೆ. ಬೇ ಏರಿಯಾಗೆ ವಾಪಸಾದ ಮೇಲೆ ಹಳೆಯದನ್ನೇ ಹಾಕಬೇಕು, ಇಲ್ಲದಿದ್ದರೆ ಅಲ್ಲಿ ಎಂಜಿನ್ ಮಿತಿ ಮೀರಿ ಸುತ್ತುತ್ತದೆ.

ಪೆಟ್ರೋಲಿನ ಲೆಕ್ಕ ಸರಳ. 20 ಅಡಿಯ ಬೌರೈಡರ್ (ಮೂತಿಯಲ್ಲೂ ಸೀಟಿರುವ ತೆರೆದ ಬೋಟ್) ಹದವಾದ ವೇಗದಲ್ಲಿ ಗ್ಯಾಲನ್ನಿಗೆ ಸುಮಾರು 3 ಮೈಲಿ ಕೊಡುತ್ತದೆ. ಹೋಗಿ ಬರುವ 30 ಮೈಲಿಗೆ 10, ನಿಧಾನಗತಿಯ ಓಡಾಟಕ್ಕೆ 2, ಒಟ್ಟು 12 ಗ್ಯಾಲನ್. ಅದರ ಅರ್ಧ ಮೀಸಲು. 18 ಗ್ಯಾಲನ್ನಿಗಿಂತ ಕಡಿಮೆ ಇದ್ದರೆ ಹೊರಡಬೇಡಿ. ಪೆಟ್ರೋಲ್ ಮುಳ್ಳನ್ನು ಬೋಟ್ ಸಮತಟ್ಟಾಗಿ ನಿಂತಾಗಲೇ ಓದಿ. ಮೂತಿ ಎತ್ತಿದಾಗ ಅದು ಸುಳ್ಳು ಹೇಳುತ್ತದೆ.

ಇನ್ನು ಇಬ್ಬರ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಚುಕ್ಕಾಣಿ ಗಂಡನ ಕೈಯಲ್ಲಿ, ಹಗ್ಗ ಮತ್ತು ತಿಂಡಿ ಡಬ್ಬಿ ಹೆಂಡತಿಯ ಕೈಯಲ್ಲಿ. ಇದು ಸರಿಯಲ್ಲ. ಇಬ್ಬರೇ ಇರುವ ಬೋಟಿನಲ್ಲಿ ಒಬ್ಬರು ನೀರಿಗೆ ಬಿದ್ದರೆ ಉಳಿಯುವವರು ಒಬ್ಬರೇ, ಮತ್ತು ಬೀಳುವವರು ಓಡಿಸುವವರೇ ಆಗಿರಬಹುದು. ಎಂಜಿನ್ ಆರಿಸುವುದು, ಮತ್ತೆ ಹಚ್ಚುವುದು, ತಿರುಗಿಸಿ ನಿಧಾನವಾಗಿ ಒಬ್ಬ ಮನುಷ್ಯನ ಪಕ್ಕಕ್ಕೆ ತರುವುದು, ರೇಡಿಯೋದಲ್ಲಿ ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ಎಲ್ಲಿದ್ದೇವೆಂದು ಹೇಳುವುದು ಇಬ್ಬರಿಗೂ ಬರಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ವಯಸ್ಸು ಎಷ್ಟೇ ಇದ್ದರೂ ಮೋಟಾರು ಬೋಟ್ ಓಡಿಸಲು ಬೋಟರ್ ಕಾರ್ಡ್ ಬೇಕು. ಒಮ್ಮೆ ಪಡೆದರೆ ಜೀವನಪೂರ್ತಿ ನಡೆಯುತ್ತದೆ. ದಯವಿಟ್ಟು ಇಬ್ಬರೂ ಪಡೆಯಿರಿ.

ಕಿಲ್ ಸ್ವಿಚ್ಚಿನ ಹಗ್ಗವನ್ನು ಓಡಿಸುವವರ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿ. 26 ಅಡಿಗಿಂತ ಚಿಕ್ಕ ಬೋಟ್‌ಗಳಿಗೆ 2021ರ ಏಪ್ರಿಲ್‌ನಿಂದ ಇದು ಕೇಂದ್ರ ಕಾನೂನು. ಓಡಿಸುವವರು ಬಿದ್ದರೆ ಎಂಜಿನ್ ನಿಲ್ಲುತ್ತದೆ, ಬೋಟ್ ಅವರನ್ನು ಬಿಟ್ಟು ಓಡಿಹೋಗುವುದಿಲ್ಲ. ಉಳಿದವರಿಗೆ ಮತ್ತೆ ಎಂಜಿನ್ ಹಚ್ಚಲು ಇನ್ನೊಂದು ಕ್ಲಿಪ್ ಬೇಕಾಗುತ್ತದೆ; ಅದನ್ನು ಡ್ಯಾಶ್‌ಬೋರ್ಡಿನ ಪಕ್ಕದಲ್ಲೇ ಇಡಿ. ಬಿದ್ದವರ ಹತ್ತಿರ ಬರುವಾಗ ಗಾಳಿಗೆ ಮುಖಮಾಡಿ ಬನ್ನಿ, ಅವರನ್ನು ಚುಕ್ಕಾಣಿ ಇರುವ ಬದಿಗೇ ಇಟ್ಟುಕೊಳ್ಳಿ, ಕೈಗೆಟಕುವ ಮೊದಲೇ ಎಂಜಿನ್ ಪೂರ್ತಿ ಆರಿಸಿ. ನ್ಯೂಟ್ರಲ್ ಸಾಲದು. ಹಿಂಬದಿಯ ಏಣಿಯನ್ನು ನೀರಿನಲ್ಲಿರುವವರೇ ಎಳೆದು ಇಳಿಸಿಕೊಳ್ಳುವಂತಿರಬೇಕು. ಒದ್ದೆಯಾದ, ನಡುಗುವ ದೊಡ್ಡವರನ್ನು ಬದಿಯಿಂದ ಒಬ್ಬರೇ ಎತ್ತಿಹಾಕುವುದು ಆಗದ ಮಾತು. ತೇಲುವ ಕುಶನ್ ಎಸೆದು ನಾಲ್ಕಾರು ಸಲ ಅಭ್ಯಾಸ ಮಾಡಿ, ಸರದಿಯಂತೆ.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಲಿ. ಜೂನ್‌ನಲ್ಲಿ ಮೇಲ್ಮೈ ನೀರೂ ಬಹಳ ತಣ್ಣಗಿರುತ್ತದೆ. ಆಗಸ್ಟ್ ಕೊನೆಗೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬರುತ್ತದೆ. ಥಟ್ಟನೆ ಬಿದ್ದಾಗ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು ಬರುತ್ತದೆ, ಆಗ ನೀರು ಒಳಹೋಗುತ್ತದೆ. ಆಮೇಲೆ ತಣ್ಣೀರಿನಲ್ಲಿ ಕೈಕಾಲು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ. ಚೆನ್ನಾಗಿ ಈಜು ಬಂದವರೂ ಮುಳುಗುವುದು ಹೀಗೆ. ಗಾಳಿ ತುಂಬಿಕೊಳ್ಳುವ ತೆಳುವಾದ ಜಾಕೆಟ್ ದಿನವಿಡೀ ಹಾಕಿಕೊಂಡರೂ ಸೆಖೆಯಾಗುವುದಿಲ್ಲ. ಅದರ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯೇ ಎಂದು ಮಾತ್ರ ಪ್ರತಿ ಸಲ ತಿರುಗಿಸಿ ನೋಡಿ.

ರ‍್ಯಾಂಪಿನ ಕೆಲಸವನ್ನು ಸಾಲಿಗೆ ನಿಲ್ಲುವ ಮೊದಲೇ, ಪಾರ್ಕಿಂಗ್ ಜಾಗದಲ್ಲಿ ಮುಗಿಸಿ. ಹಿಂಬದಿಯ ಪಟ್ಟಿ ಬಿಚ್ಚಿ, ವಿಂಚ್ ಮತ್ತು ಮುಂದಿನ ಸರಪಳಿ ಹಾಗೇ ಇರಲಿ. ಡ್ರೇನ್ ಪ್ಲಗ್ ಹಾಕಿ. ಹಾಕಿದವರು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಬೇಕು, ಏಕೆಂದರೆ ರ‍್ಯಾಂಪಿನಲ್ಲಿ ಬೋಟ್ ಮುಳುಗುವುದಕ್ಕೆ ಮಾಮೂಲಿ ಕಾರಣ ಇದೇ. ಟ್ರೇಲರ್ ದೀಪದ ತಂತಿ ಕಳಚಿ. ಬಿಸಿ ಬಲ್ಬ್ ತಣ್ಣೀರಿಗೆ ಒಡೆಯುತ್ತದೆ. ಎಂಜಿನ್ ಒಳಗಿರುವ ಬೋಟ್ ಆದರೆ ಆವಿ ಹೊರದಬ್ಬುವ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿದ ಮೇಲೆಯೇ ಕೀಲಿ ತಿರುಗಿಸಿ. ಬಿಲ್ಜ್‌ನಲ್ಲಿ ಕೂತ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಔಟ್‌ಬೋರ್ಡ್ ಆದರೆ ಹಚ್ಚಿದ ಕೂಡಲೇ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಧಾರೆ ಬರುತ್ತಿದೆಯೇ ನೋಡಿ. ಬರದಿದ್ದರೆ ನೀರೆಳೆಯುವ ಇಂಪೆಲ್ಲರ್ ಹೋಗಿದೆ ಅಥವಾ ಮರಳು ಕಟ್ಟಿದೆ. ಆರಿಸಿ, ಮುಂದೆ ಹೋಗಬೇಡಿ.

ದಡದಿಂದ 600 ಅಡಿಯೊಳಗೆ ಗಂಟೆಗೆ 5 ಮೈಲಿಯೇ ಮಿತಿ. ಆ ಗೆರೆ ದಾಟಿ ವೇಗ ಹೆಚ್ಚಿಸಿ, ದಡವನ್ನು ಬಲಕ್ಕಿಟ್ಟುಕೊಂಡು ಕಾಲು ಮೈಲಿ ಹೊರಗೆ ಹೋಗಿ. ಶುಗರ್ ಪೈನ್ ಮತ್ತು ರೂಬಿಕಾನ್ ಹತ್ತಿರ ನೀರಿನೊಳಗೆ ಹೆಬ್ಬಂಡೆಗಳಿವೆ. ಈ ನೀರು ಎಷ್ಟು ತಿಳಿ ಎಂದರೆ ಕಣ್ಣಿನ ಅಂದಾಜೇ ಕೈಕೊಡುತ್ತದೆ. ಡೇವಿಸ್ ವಿಶ್ವವಿದ್ಯಾಲಯದವರು 1968ರಿಂದ ಬಿಳಿ ತಟ್ಟೆ ಇಳಿಸಿ ಅಳೆಯುತ್ತಿದ್ದಾರೆ; ಆಗ 31 ಮೀಟರ್ ಆಳದವರೆಗೂ ತಟ್ಟೆ ಕಾಣುತ್ತಿತ್ತು, ಈಗ ಸುಮಾರು 20 ಮೀಟರ್. ಅಷ್ಟು ಕಡಿಮೆಯಾದರೂ ಇಪ್ಪತ್ತಡಿ ಕೆಳಗಿನ ಬಂಡೆ ಎಷ್ಟೋ ಮೇಲಿದ್ದಂತೆ ತೋರುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನಿಜವಾಗಿಯೂ ಎರಡಡಿಯಲ್ಲಿರುವ ಬಂಡೆ ಕಾಣಿಸುವುದೇ ಇಲ್ಲ. ಡೆಪ್ತ್ ಫೈಂಡರಿನ ಎಚ್ಚರಿಕೆಯನ್ನು 15 ಅಡಿಗೆ ಇಡಿ, ಅದನ್ನೇ ನಂಬಿ.

ರೂಬಿಕಾನ್ ಪಾಯಿಂಟಿನಲ್ಲಿ ನಿಧಾನಿಸಿ. ದಡದ ಗೋಡೆ ಹಾಗೆಯೇ ನೀರೊಳಗೆ ಧುಮುಕುತ್ತದೆ, ಬಣ್ಣ ಕೆಲವೇ ಮಾರು ದೂರದಲ್ಲಿ ಹಸಿರಿನಿಂದ ಕಡುನೀಲಿಗೆ ತಿರುಗುತ್ತದೆ. ಇಲ್ಲಿ ಲಂಗರು ನೆಲ ಮುಟ್ಟುವುದಿಲ್ಲ, ಪ್ರಯತ್ನ ಬೇಡ.

ಎಮರಾಲ್ಡ್ ಬೇಯ ಬಾಯಿ ಕಿರಿದು, ಆಳವೂ ಕಡಿಮೆ. ಕೆಂಪು ಹಸಿರು ತೇಲುಗುರುತುಗಳ ನಡುವೆಯೇ ಹೋಗಿ. ಒಳಗೆ ಹೋಗುವಾಗ ಕೆಂಪು ಬಲಕ್ಕೆ. ಒಳಗೆ ಎಲ್ಲೆಡೆ 5 ಮೈಲಿ ವೇಗವಷ್ಟೇ, ತುದಿ ಮುಟ್ಟಲು ಇಪ್ಪತ್ತು ನಿಮಿಷ. ಈ ಇಪ್ಪತ್ತು ನಿಮಿಷ ಇಡೀ ದಿನದ ತಿರುಳು. ಎಂಟೂವರೆಯೊಳಗೆ ಬಂದರೆ ಪ್ರವಾಸಿ ಹಡಗುಗಳು ಇನ್ನೂ ಬಂದಿರುವುದಿಲ್ಲ, ಎಂಜಿನ್ನಿನ ಸದ್ದಿನ ಮೇಲೂ ಈಗಲ್ ಫಾಲ್ಸ್ ಕೇಳುತ್ತದೆ. ಮುಂದೆ ಫ್ಯಾನೆಟ್ ದ್ವೀಪ, ಇಡೀ ಸರೋವರಕ್ಕೆ ಅದೊಂದೇ. ನೆತ್ತಿಯ ಮೇಲೆ ಕಲ್ಲಿನ ಪುಟ್ಟ ಟೀ ಹೌಸ್. ಹಕ್ಕಿಗಳು ಗೂಡು ಕಟ್ಟುವ ಕಾರಣ ಫೆಬ್ರವರಿಯಿಂದ ಜೂನ್ ನಡುವಿನವರೆಗೆ ದ್ವೀಪ ಹತ್ತುವಂತಿಲ್ಲ. ತುದಿಯಲ್ಲಿ ಲೋರಾ ಜೋಸೆಫೀನ್ ನೈಟ್ 1929ರಲ್ಲಿ ಕಟ್ಟಿಸಿದ ಸ್ಕ್ಯಾಂಡಿನೇವಿಯನ್ ಶೈಲಿಯ ವೈಕಿಂಗ್ಸ್‌ಹೋಮ್ ಮನೆ. ರಸ್ತೆಯಿಂದ ಬರುವವರು ಒಂದು ಮೈಲಿ ಕಡಿದಾದ ದಾರಿ ಇಳಿದು ಹತ್ತಬೇಕು, ಬೋಟಿನವರಿಗೆ ಆ ಶ್ರಮವಿಲ್ಲ.

ಲಂಗರು ಮರಳು ತಳ ಇರುವಲ್ಲಿ ಹಾಕಿ. ಆಳ 15 ಅಡಿ, ಮೂತಿಯ ಎತ್ತರ 3 ಅಡಿ ಎಂದುಕೊಂಡರೆ 18ರ ಐದು ಪಟ್ಟು, ಅಂದರೆ 90 ಅಡಿ ಹಗ್ಗ ಬಿಡಬೇಕು. ಗಾಳಿ ಬಂದರೆ ಏಳು ಪಟ್ಟು, 126. ಜನ 30 ಅಡಿ ಬಿಟ್ಟು ಸಾಕೆನ್ನುತ್ತಾರೆ, ಆಗ ಲಂಗರು ಮೇಲಕ್ಕೆ ಜಗ್ಗಿ ಕಿತ್ತುಬರುತ್ತದೆ. ಯಾವತ್ತೂ ಮೂತಿಯಿಂದಲೇ ಕಟ್ಟಿ. ಹಿಂಬದಿಯಿಂದ ಕಟ್ಟಿದರೆ ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಕಡೆಗೆ ಅಲೆ ನುಗ್ಗುತ್ತದೆ. ಬೇರೆಯವರ ತೇಲುಬುರುಡೆಗಳಿಗೆ ಬೋಟ್ ಕಟ್ಟಬೇಡಿ. ಬುತ್ತಿಗೆ ಚಪಾತಿ ಸುರುಳಿ, ಕೋಡುಬಳೆಯಂಥ ಕೈಯಲ್ಲಿ ಹಿಡಿದು ತಿನ್ನುವುದು ಒಳ್ಳೆಯದು. ಈ ಎತ್ತರದ ಒಣ ಗಾಳಿಗೆ ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಬೇಕು.

ಹನ್ನೊಂದಕ್ಕೆ ಲಂಗರು ಎತ್ತಿ. ವಾಪಸು ಬರುವಾಗ ಗಾಳಿ ಬೆನ್ನಿಗಿರುತ್ತದೆ, ಹಾಗೆಂದು ಸುಲಭವೆನ್ನುವಂತಿಲ್ಲ. ಅಲೆಯ ಬೆನ್ನಿನ ಮೇಲೆಯೇ ಕೂತು ಅದರ ವೇಗಕ್ಕೆ ಥ್ರಾಟಲ್ ಹೊಂದಿಸಿ. ಅಲೆ ದಾಟಿ ಮುಂದೆ ಜಾರಿದರೆ ಬೌರೈಡರಿನ ತೆರೆದ ಮೂತಿ ಮುಂದಿನ ಅಲೆಗೆ ಚುಚ್ಚಿ ಒಂದೇ ಸಲಕ್ಕೆ ನೂರಾರು ಲೀಟರ್ ನೀರು ಒಳಬರುತ್ತದೆ. ಮೂತಿಯ ಸೀಟಿನಲ್ಲಿ ಯಾರೂ ಕೂರಬೇಡಿ, ಟ್ರಿಮ್ (ಎಂಜಿನ್ನಿನ ಓರೆ) ಸ್ವಲ್ಪ ಮೇಲಿರಲಿ. ಎದುರುಗಾಳಿಗೆ ಸಿಕ್ಕಿದರೆ ಟ್ರಿಮ್ ಇಳಿಸಿ, ವೇಗ ತಗ್ಗಿಸಿ, ಅಲೆಯನ್ನು ಓರೆಯಾಗಿ ಕತ್ತರಿಸಿ. ಎಂಜಿನ್ ನಿಂತುಹೋದರೆ ಮೊದಲ ಕೆಲಸ ರಿಪೇರಿ ಅಲ್ಲ. ಮೂತಿ ಗಾಳಿಗೆ ತಿರುಗಿ ನಿಲ್ಲುವಂತೆ ಲಂಗರು ಇಳಿಸಿ; ತಳ ಸಿಗದಿದ್ದರೆ ಬಕೆಟ್ಟನ್ನಾದರೂ ಮೂತಿಯಿಂದ ಹಗ್ಗ ಕಟ್ಟಿ ಎಸೆಯಿರಿ. ಆಮೇಲೆ ರೇಡಿಯೋ. ಕೋಸ್ಟ್ ಗಾರ್ಡ್ ಠಾಣೆ ತಾಹೋ ಸಿಟಿಯಲ್ಲೇ ಇದೆ. ಮೊಬೈಲ್ ಸಿಗ್ನಲ್ ಈ ದಡದಲ್ಲಿ ಎಲ್ಲೆಡೆ ಸಿಗುವುದಿಲ್ಲ.

ಟ್ರೇಲರಿಗೆ ಏರಿಸಿ ಮೇಲೆ ಬಂದ ಕೂಡಲೇ ಡ್ರೇನ್ ಪ್ಲಗ್ ಕಳಚಿ, ಎಂಜಿನ್ ತಗ್ಗಿಸಿ ನೀರು ಪೂರ್ತಿ ಇಳಿಯಲು ಬಿಡಿ. ಹೊರಡುವ ಮುನ್ನ ರ‍್ಯಾಂಪಿನವರಿಂದ ಹೊಸ ಸೀಲ್ ಹಾಕಿಸಿಕೊಳ್ಳಿ. ಅದು ಮುರಿಯದೆ ಇದ್ದರೆ ಮುಂದಿನ ಸಲ ತಪಾಸಣೆಯ ಸಾಲು ತಪ್ಪುತ್ತದೆ. ನಡುವೆ ಡೆಲ್ಟಾದಲ್ಲಿ ಬೋಟ್ ಇಳಿಸಲು ಸೀಲ್ ಕತ್ತರಿಸಿದರೆ ಮತ್ತೆ ಮೊದಲಿನಿಂದ ಬಿಸಿನೀರು, ಶುಲ್ಕ, ಕಾಯುವಿಕೆ ಎಲ್ಲ. ಹಾಗಾಗಿ ತಾಹೋಗೆ ಎರಡು ಸಲ ಬರುವ ಯೋಚನೆಯಿದ್ದರೆ ಆ ಎರಡನ್ನೂ ಒಂದರ ಹಿಂದೊಂದು ಇಟ್ಟುಕೊಂಡು, ಡೆಲ್ಟಾವನ್ನು ಹಂಗಾಮಿನ ಕೊನೆಗೆ ಉಳಿಸಿಕೊಳ್ಳಿ.